ಚಳಿಗೆ ಕೆಮ್ಮಿದ ಅಂಬಾಸಿಡರ್, ಹಾಡಿಗೆ ಸತ್ತ ಬ್ಯಾಟರಿ!

ಸಿನಿಮಾದಲ್ಲಿ ಕಾರು ಕೆಟ್ಟು ನಿಲ್ಲುವುದು ಎರಡೇ ಸಂದರ್ಭದಲ್ಲಿ. ಒಂದು, ನಾಯಕಿಯ ಕಾರು ನಡುದಾರಿಯಲ್ಲಿ ನಿಂತು ನಾಯಕ ಬಂದು ಬಾನೆಟ್ ಎತ್ತಬೇಕಾದಾಗ. ಇನ್ನೊಂದು, ಹಾಸ್ಯನಟ ಕಾರು ತಳ್ಳಿ ತಳ್ಳಿ ನಮ್ಮನ್ನು ನಗಿಸಬೇಕಾದಾಗ. ನಾಯಕ ಬಾನೆಟ್ಟಿನೊಳಗೆ ಕೈ ಹಾಕುತ್ತಾನೆ, ಯಾವುದೋ ಒಂದು ವೈರು ಎಳೆಯುತ್ತಾನೆ, ಕೆನ್ನೆಗೊಂದು ಚೂರು ಗ್ರೀಸ್ ಮೆತ್ತಿಕೊಳ್ಳುತ್ತಾನೆ. ಕಾರು 'ಬುರ್' ಅನ್ನುತ್ತದೆ. ಡ್ಯೂಯೆಟ್ ಶುರು!

ನನ್ನ ಕಥೆಯಲ್ಲಿ ನಾಯಕಿ ಇಲ್ಲ. ಆದರೆ ಡ್ಯೂಯೆಟ್ ಇದೆ ಸ್ವಾಮಿ. ಆ ಡ್ಯೂಯೆಟ್ಟೇ ನನ್ನ ಮಾನ ಕಳೆದದ್ದು! ಇನ್ನು ಸ್ವಲ್ಪದರಲ್ಲಿ ಎರಡು ಜೀವವೂ ಹೋಗುತ್ತಿತ್ತು. ಹಳೆ ಕಾರು, ಹಳೆ ಜೀಪು ಇಟ್ಟುಕೊಂಡು ಚಳಿಗಾಲದ ಬೆಳಿಗ್ಗೆ ಒದ್ದಾಡುವ ತಮ್ಮಂದಿರಿಗೆ ಉಪಯೋಗವಾದೀತು ಅಂತ ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ಆನೆ ತಂದರೂ ಶ್ರುತಿ ನೋಡಬೇಕು

ನಮ್ಮೂರು ಗುಬ್ಬಿ. ಗುಬ್ಬಿ ಅಂದ ಕೂಡಲೇ ನಿಮಗೆ ವೀರಣ್ಣನವರು ನೆನಪಾಗಿರುತ್ತಾರೆ. ರಾಜ್‌ಕುಮಾರ್, ಬಾಲಕೃಷ್ಣ, ನಮ್ಮ ಪಕ್ಕದ ತಿಪಟೂರಿನ ನರಸಿಂಹರಾಜು, ಇವರೆಲ್ಲ ಗುಬ್ಬಿ ಕಂಪನಿಯಲ್ಲಿ ಪಳಗಿದವರು. ರಾಜ್ ನಾಯಕರಾದ 'ಬೇಡರ ಕಣ್ಣಪ್ಪ' 1954ರಲ್ಲಿ ಬಂದದ್ದೂ ಗುಬ್ಬಿಯ ಹೆಸರು ಹೊತ್ತ ಸಂಸ್ಥೆಯಿಂದಲೇ. ನಮ್ಮಪ್ಪ ಚಿಕ್ಕಂದಿನಲ್ಲಿ 'ಕುರುಕ್ಷೇತ್ರ' ನಾಟಕ ನೋಡಿದ್ದರಂತೆ. ರಂಗದ ಮೇಲೆ ನಿಜವಾದ ಆನೆ, ನಿಜವಾದ ಕುದುರೆ! ಅದನ್ನು ಹೇಳುವಾಗೆಲ್ಲ ಕೊನೆಗೊಂದು ಮಾತು ಸೇರಿಸುತ್ತಿದ್ದರು: "ಆನೆ ತಂದು ನಿಲ್ಸೋ ಕಂಪ್ನಿ ಆದ್ರೂ ಪರದೆ ಏಳೋಕೆ ಮುಂಚೆ ಹಾರ್ಮೋನಿಯಂ ಶ್ರುತಿ ನೋಡ್ತಿದ್ರು ಕಣೋ."

ಅಪ್ಪನಿಗೆ ಆನೆ ಇರಲಿಲ್ಲ, ಆನೆಯಂಥ ಅಂಬಾಸಿಡರ್ ಇತ್ತು. 1972ರ ಮಾಡೆಲ್, ಮಾರ್ಕ್ 2. 1489 ಸಿ.ಸಿ. ಪೆಟ್ರೋಲ್ ಎಂಜಿನ್, ನಾಲ್ಕು ಸಿಲಿಂಡರ್, ಮುಂದಿನ ಬಂಪರಿನ ಮೇಲೆ ಹ್ಯಾಂಡಲ್ ತೂರಿಸುವ ತೂತು. 1978ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡು ಟ್ಯಾಕ್ಸಿ ಓಡಿಸುತ್ತಿದ್ದರು. ಮದುವೆ ದಿಬ್ಬಣ, ಧರ್ಮಸ್ಥಳ, ತುಮಕೂರಿನ ಆಸ್ಪತ್ರೆ, ಇವೇ ಬಾಡಿಗೆ. ನಮ್ಮ ಮನೆಯ ಒಲೆ ಉರಿಯುತ್ತಿದ್ದದ್ದು ಆ ಎಂಜಿನ್ ಉರಿದರೆ ಮಾತ್ರ.

ನಮ್ಮ ಕಡೆ ಹಿಮ ಬೀಳುವುದಿಲ್ಲ, ನಿಜ. ಧನುರ್ಮಾಸದ ಬೆಳಗಿನ ಜಾವ ಅಂದರೆ 15 ಡಿಗ್ರಿಯ ಆಸುಪಾಸು, ಕೆಲವು ದಿನ ಇನ್ನೂ ಕೆಳಗೆ. ಕೆರೆ ಕಡೆಯಿಂದ ಮಂಜು ಬೇರೆ. 'ಇಷ್ಟಕ್ಕೆಲ್ಲ ಕಾರು ಸ್ಟಾರ್ಟ್ ಆಗಲ್ವೇನಯ್ಯ?' ಅಂತ ಕಾಶ್ಮೀರದವರು ನಗಬಹುದು. ಗಟ್ಟಿಮುಟ್ಟಾದ ಗಾಡಿಗೆ ಆ ಚಳಿ ಲೆಕ್ಕಕ್ಕಿಲ್ಲ. ಆದರೆ ಚಳಿ ಹೊಸ ರೋಗ ತರುವುದಿಲ್ಲ, ಒಳಗಿರುವ ರೋಗವನ್ನು ಎತ್ತಿ ತೋರಿಸುತ್ತದೆ. ಎರಡು ವರ್ಷ ದಾಟಿದ ಬ್ಯಾಟರಿ, ಸವೆದ ಪಾಯಿಂಟು, ಬಿರುಕು ಬಿಟ್ಟ ವೈರು, ಇವು ಬೇಸಿಗೆಯಲ್ಲಿ ಹೇಗೋ ಕಾಲ ಹಾಕಿ ಡಿಸೆಂಬರಿನಲ್ಲಿ ಕೈ ಎತ್ತುತ್ತವೆ. ಮುದುಕರಿಗೆ ಮಂಡಿನೋವು ಬಂದ ಹಾಗೆ!

ಕೆರೆ ಏರಿ, ಕ್ಯಾಸೆಟ್, ಬೆಳದಿಂಗಳು

ಅದು 1984ರ ಡಿಸೆಂಬರ್. ನನಗೆ ಇಪ್ಪತ್ತು ವರ್ಷ. ಆ ವರ್ಷ 'ಬಂಧನ' ಬಂದಿತ್ತು. ವಿಷ್ಣುವರ್ಧನ್, ಸುಹಾಸಿನಿ, ರಂಗರಾಯರ ಸಂಗೀತ! ಗೆಳೆಯರೆಲ್ಲ ಡಾಕ್ಟರ್ ಹರೀಶನ ಹಾಗೆ ಗಡ್ಡ ಬಿಟ್ಟುಕೊಂಡು ಓಡಾಡುತ್ತಿದ್ದ ಕಾಲ. ಯಾರದೋ ಮದುವೆ ಬಾಡಿಗೆಯಲ್ಲಿ ಉಳಿದ ದುಡ್ಡಿನಿಂದ ಅಪ್ಪ ಕಾರಿಗೊಂದು ಕ್ಯಾಸೆಟ್ ಸೆಟ್ ಹಾಕಿಸಿದ್ದರು. ಅಪ್ಪನಿಗದು ಗಿರಾಕಿಗೆ ಆಕರ್ಷಣೆ. ನನಗೆ ಸ್ವರ್ಗ!

ಆ ರಾತ್ರಿ ಅಪ್ಪ ಊಟ ಮಾಡಿ ಮಲಗಿದ್ದರು. 'ಗಾಡಿ ತೊಳೆದು ತರ್ತೀನಿ' ಅಂತ ಸುಳ್ಳು ಹೇಳಿ ಕೆರೆ ಏರಿಗೆ ಹೊಡೆದೆ. ಗೆಳೆಯರು ಮೂವರು. ಎಂಜಿನ್ ಆಫ್, ಒಳಗಿನ ದೀಪ ಆನ್, ಪಾರ್ಕಿಂಗ್ ದೀಪ ಆನ್ ('ಸೀನ್' ಚೆನ್ನಾಗಿ ಕಾಣಬೇಕಲ್ಲ!), ಕ್ಯಾಸೆಟ್ ಒಂದು ಕಡೆ ಮುಗಿದರೆ ಇನ್ನೊಂದು ಕಡೆ, ಅದು ಮುಗಿದರೆ ಮತ್ತೆ ಮೊದಲ ಕಡೆ. ಹನ್ನೆರಡರ ತನಕ. ಕೊನೆಕೊನೆಗೆ ಗಾಯಕರ ದನಿ ಎಳೆದೆಳೆದು ಬರತೊಡಗಿತು. "ಏನೋ ಇದು, ಹಾಡೋರಿಗೂ ನಿದ್ದೆ ಬಂತಾ?" ಅಂತ ನಕ್ಕೆವು. ಅದು ನಿದ್ದೆ ಅಲ್ಲ ಗೆಳೆಯರೇ, ಬ್ಯಾಟರಿಯ ಕೊನೆಯುಸಿರು. ನಮಗೆ ಅರ್ಥವಾಗಲಿಲ್ಲ. ಏರಿಯ ಇಳಿಜಾರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡಿಕೊಂಡು ಮನೆ ಮುಂದೆ ತಂದು ನಿಲ್ಲಿಸಿದೆ. ಏರಿಯಿಂದ ಮನೆಗೆ ಒಂದೇ ಮೈಲಿ. ಅಷ್ಟು ದೂರದಲ್ಲಿ ಡೈನಮೋ ಎಷ್ಟು ತಾನೇ ಚಾರ್ಜ್ ಕೊಟ್ಟೀತು? ಹಳೆ ಗಾಡಿಯ ಡೈನಮೋ ಈಗಿನ ಆಲ್ಟರ್ನೇಟರ್ ಹಾಗಲ್ಲ. ನಿಧಾನವಾಗಿ ಹೋದರೆ ಅದರಿಂದ ಹೆಚ್ಚು ಕರೆಂಟು ಹುಟ್ಟುವುದಿಲ್ಲ.

ಕುಣಿಗಲ್ಲಿಗೆ ಕೊಟ್ಟಿದ್ದ ಅಕ್ಕ ಚೊಚ್ಚಲು ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಳು. ದಿನ ಇನ್ನೂ ಹತ್ತಿದೆ ಅಂದುಕೊಂಡಿದ್ದೆವು.

ನಾಲ್ಕು ಗಂಟೆಯ ಕೂಗು

ಬೆಳಗಿನ ಜಾವ ನಾಲ್ಕಕ್ಕೆ ಅವ್ವ ನನ್ನ ಹೊದಿಕೆ ಕಿತ್ತೆಸೆದಳು. "ಏಳ್ಲಾ, ಅಕ್ಕನಿಗೆ ನೋವು ಬಂದೈತೆ!" ಅಪ್ಪ ಅಷ್ಟರಲ್ಲೇ ಸೂಲಗಿತ್ತಿಯನ್ನು ಕರೆತರಲು ಓಡಿದ್ದರು. ಆಕೆ ಬಂದು ನೋಡಿ ಒಂದೇ ಮಾತು ಹೇಳಿದಳಂತೆ: "ಇದು ನನ್ನ ಕೈಲಾಗಲ್ಲ, ತುಮಕೂರಿಗೆ ಕರ್ಕೊಂಡೋಗಿ." ಗುಬ್ಬಿಯಿಂದ ತುಮಕೂರು ಬಿ.ಎಚ್. ರಸ್ತೆಯಲ್ಲಿ ಹತ್ತಿರ ಹತ್ತಿರ 20 ಕಿಲೋಮೀಟರ್. "ಗಾಡಿ ಸ್ಟಾರ್ಟ್ ಮಾಡಿಡು, ಪಕ್ಕದ ಮನೆ ಹೆಂಗಸರನ್ನ ಎಬ್ಬಿಸ್ಕೊಂಡು ಬರ್ತೀನಿ" ಅಂತ ಅಪ್ಪ ಹೋದರು.

ನಾನು ಸೆಲ್ಫ್ ಹೊಡೆದೆ. 'ಟಕ್!' ಅಷ್ಟೇ. ಮತ್ತೆ ಹೊಡೆದೆ. 'ಟಕ್!'

ನಡುಗಿಹೋದೆ. ಚಳಿಗಲ್ಲ! ಆಮೇಲೆ ಮಾಡಿದ್ದೆಲ್ಲ ತಪ್ಪೇ. ಚೋಕ್ ಪೂರ್ತಿ ಎಳೆದೆ. ಆಕ್ಸಿಲರೇಟರನ್ನು ಕಬಡ್ಡಿ ಆಡುವವನ ಹಾಗೆ ಹತ್ತು ಹದಿನೈದು ಸಲ ತುಳಿದೆ. ಕೇಕೆ ಹಾಕಿ ರಾತ್ರಿಯ ಗೆಳೆಯರನ್ನೇ ಕರೆದು ತಳ್ಳಿಸಿದೆ. ಮನೆ ಮುಂದಿನ ಬೀದಿ ಸಮತಟ್ಟು, ಏರಿಯಂಥ ಇಳಿಜಾರಿಲ್ಲ. ಸೆಕೆಂಡ್ ಗೇರ್ ಹಾಕಿ ಕ್ಲಚ್ ಬಿಟ್ಟರೆ ಗಾಡಿ ಮುಗ್ಗರಿಸಿ ನಿಲ್ಲುತ್ತಿತ್ತೇ ಹೊರತು ಒಂದು ಕೆಮ್ಮೂ ಇಲ್ಲ. ಬೀದಿ ತುಂಬ ಪೆಟ್ರೋಲ್ ವಾಸನೆ. ಒಳಗೆ ಅಕ್ಕನ ನರಳಾಟ ಕೇಳುತ್ತಿತ್ತು.

ಅಪ್ಪ ಬಂದರು. ಬಾನೆಟ್ ಎತ್ತುವ ಮೊದಲೇ ಮೂಗು ಅರಳಿಸಿದರು. "ಪ್ಲಗ್ ಮುಳುಗಿಸಿಬಿಟ್ಟೆ." ಬೈಯಲಿಲ್ಲ. ಟಾರ್ಚ್ ಬಿಟ್ಟು ಡ್ಯಾಶ್‌ಬೋರ್ಡ್ ಕಡೆ ನೋಡಿದರು. ಕ್ಯಾಸೆಟ್ ಅರ್ಧ ಹೊರಗೆ ನಾಲಿಗೆ ಚಾಚಿಕೊಂಡಿತ್ತು. ಪಾರ್ಕಿಂಗ್ ದೀಪದ ಸ್ವಿಚ್ ಆನ್ ಆಗೇ ಇತ್ತು. ಅದನ್ನೂ ನೋಡಿದರು. ಆಗಲೂ ಏನೂ ಹೇಳಲಿಲ್ಲ. ಸ್ವಿಚ್ ಆಫ್ ಮಾಡಿ, "ಪ್ಲಗ್ ಸ್ಪ್ಯಾನರ್ ತಾ" ಅಂದರಷ್ಟೇ.

ಅವರು ಮಾಡಿದ್ದು ನೋಡಿ. ಮೊದಲು ನಾಲ್ಕೂ ಪ್ಲಗ್ ವೈರುಗಳಿಗೆ ಒಂದು ದಾರದಲ್ಲಿ ಒಂದು ಗಂಟು, ಎರಡು ಗಂಟು, ಮೂರು, ನಾಲ್ಕು ಅಂತ ಗುರುತು ಕಟ್ಟಿದರು. ಕತ್ತಲಲ್ಲಿ ವೈರು ಅದಲುಬದಲಾದರೆ ಗಾಡಿ ಜನ್ಮದಲ್ಲಿ ಸ್ಟಾರ್ಟ್ ಆಗದು. ಆ ಎಂಜಿನ್ನಿನಲ್ಲಿ ಕಿಡಿ ಹಾರುವ ಸರದಿ 1-3-4-2. ಆಮೇಲೆ ಪ್ಲಗ್ಗು ಬಿಚ್ಚಿದರು. ನಾಲ್ಕೂ ಒದ್ದೆ ಒದ್ದೆ, ಮಸಿ ಹಿಡಿದಿದ್ದವು. ಬೀದಿಯಲ್ಲೇ ಬಟ್ಟೆಯಿಂದ ಪೆಟ್ರೋಲೆಲ್ಲ ಒರೆಸಿ ಒಣಗಿಸಿ ಅವ್ವನ ಕೈಗೆ ಕೊಟ್ಟರು. "ಕಾವಲಿ ಮೇಲಿಟ್ಟು ಬಿಸಿ ಮಾಡು."

ರೊಟ್ಟಿ ಕಾವಲಿಯ ಮೇಲೆ ನಾಲ್ಕು ಸ್ಪಾರ್ಕ್ ಪ್ಲಗ್! ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಹಬ್ಬದಲ್ಲಿ ತಮಟೆ ಬಾರಿಸುವವರು ಮೊದಲು ಹುಲ್ಲು ಉರಿ ಮಾಡಿ ತಮಟೆ ಕಾಯಿಸುತ್ತಾರಲ್ಲ, ಹಾಗೆ. ಕಾಯಿಸದೆ ಬಡಿದರೆ 'ದಪ್ ದಪ್', ಕಾಯಿಸಿ ಬಡಿದರೆ 'ಟಣ್'! ಪ್ಲಗ್ಗೂ ಅಷ್ಟೇ.

ಅಷ್ಟರಲ್ಲಿ ಇಗ್ನಿಷನ್ ಆಫ್ ಇಟ್ಟು, ಚೋಕ್ ಒಳಕ್ಕೆ ತಳ್ಳಿ, ಹ್ಯಾಂಡಲ್ ತೂರಿಸಿ ಹತ್ತು ಸುತ್ತು ತಿರುಗಿಸಿದರು. ಪ್ಲಗ್ ತೂತಿನಿಂದ ಪುಸ್ ಪುಸ್ ಅಂತ ಹೆಚ್ಚಿನ ಪೆಟ್ರೋಲ್ ಹಾರಿಹೋಯಿತು. ಬಿಸಿ ಪ್ಲಗ್ಗನ್ನು ಅವ್ವ ಇಕ್ಕಳದಲ್ಲಿ ತಂದಳು. ಹಾಕಿದೆವು. "ನ್ಯೂಟ್ರಲ್ ಐತಾ? ಹ್ಯಾಂಡ್ ಬ್ರೇಕ್ ಎಳ್ದಿದೀಯಾ? ಇಗ್ನಿಷನ್ ಆನ್ ಮಾಡು. ಬೇರೆ ಏನೂ ಮುಟ್ಬೇಡ."

ಹ್ಯಾಂಡಲನ್ನು ಕೆಳಗಿನಿಂದ ಮೇಲಕ್ಕೆ ಒಂದು ಎಳೆತ. ಇಲ್ಲ. ಎರಡು. 'ಡಬ್' ಅಂತ ಒಂದು ಕೆಮ್ಮು. ಮೂರನೇ ಎಳೆತಕ್ಕೆ ಎಂಜಿನ್ ಮೈ ಕೊಡವಿಕೊಂಡು ಎದ್ದಿತು ನೋಡಿ... ಯಾವ ಹಿನ್ನೆಲೆ ಸಂಗೀತವೂ ನನಗೆ ಇವತ್ತಿನವರೆಗೂ ಅಷ್ಟು ಇಂಪಾಗಿ ಕೇಳಿಲ್ಲ!

ಅಪ್ಪ ಹೇಳಿದ್ದು

ದಾರಿಯಲ್ಲಿ ಮಂಜು. ಹೆಡ್‌ಲೈಟು ಮೊದಮೊದಲು ಕಡಲೆಹಿಟ್ಟಿನ ಬಣ್ಣ, ಮಲ್ಲಸಂದ್ರ ಹತ್ತಿರವಾಗುವಷ್ಟರಲ್ಲಿ ಡೈನಮೋ ಚುರುಕಾಗಿ ಬೆಳ್ಳಗಾಯಿತು. ಅಪ್ಪ ಡಿಮ್ ಲೈಟಿನಲ್ಲೇ ಓಡಿಸಿದರು. ಮಂಜಿನಲ್ಲಿ ಬ್ರೈಟ್ ಹಾಕಿದರೆ ಬೆಳಕು ನಮ್ಮ ಕಣ್ಣಿಗೇ ವಾಪಸ್ ಹೊಡೆಯುತ್ತದೆ. ತುಮಕೂರಿನ ದೊಡ್ಡಾಸ್ಪತ್ರೆಯಲ್ಲಿ ಅಕ್ಕನನ್ನು ಒಳಗೆ ಕರೆದುಕೊಂಡು ಹೋದರು. ಏಳಕ್ಕೆ ಮುಂಚೆ ಹೆಣ್ಣು ಮಗು. ತಾಯಿ, ಮಗು ಕ್ಷೇಮ. "ಇನ್ನೊಂದು ಗಂಟೆ ತಡ ಮಾಡಿದ್ದರೆ ಕಷ್ಟವಿತ್ತು" ಅಂದರು ಡಾಕ್ಟರಮ್ಮ. ಆ ಮಾತು ನನ್ನ ಎದೆಗೆ ನೆಟ್ಟಿತು. ನಾನು ಕಳೆದದ್ದೇ ಮುಕ್ಕಾಲು ಗಂಟೆ.

ಅಪ್ಪ ಇಳಿಜಾರು ಹುಡುಕಿ ಗಾಡಿ ನಿಲ್ಲಿಸಿದ್ದರು. ಆಸ್ಪತ್ರೆ ಎದುರಿನ ಅಂಗಡಿಯಲ್ಲಿ ಟೀ ಕೊಡಿಸಿ ಮೆತ್ತಗೆ ಹೇಳಿದರು: "ಹಾಡು ಕೇಳೋದು ತಪ್ಪಲ್ಲ ಮಗ. ಎಂಜಿನ್ ಓಡ್ತಿರುವಾಗ ಕೇಳು. ಬ್ಯಾಟ್ರಿ ಅನ್ನೋದು ಹುಂಡಿ ಇದ್ದಂಗೆ, ನಾವು ಹಾಕಿದ್ದಷ್ಟೇ ಅದ್ರಲ್ಲಿ ಇರೋದು."

ಬೈದಿದ್ದರೆ ಮರೆತುಬಿಡುತ್ತಿದ್ದೆ. ಬೈಯಲಿಲ್ಲ, ಅದಕ್ಕೇ ನೆನಪಿದೆ. ಟೀ ಕುಡಿಯುತ್ತಲೇ ಪಾಠ ಶುರುವಾಯಿತು. ಸೆಲ್ಫ್ ಮೋಟರಿಗೆ ನೂರಕ್ಕೂ ಮೇಲೆ ಆಂಪಿಯರ್ ಬೇಕು. ಕಾಯಿಲಿಗೆ ಮೂರು ನಾಲ್ಕು ಸಾಕು. ಅದಕ್ಕೇ ಸೆಲ್ಫ್ ಸತ್ತರೂ ಹ್ಯಾಂಡಲ್ ಹೊಡೆದರೆ ಕಿಡಿ ಹಾರುತ್ತದೆ. ಚಳಿಯಲ್ಲಿ ಪೆಟ್ರೋಲ್ ಬೇಗ ಆವಿಯಾಗುವುದಿಲ್ಲ, ಹನಿಯಾಗಿಯೇ ಉಳಿಯುತ್ತದೆ. ಚೋಕ್ ಎಳೆದರೆ ಗಾಳಿ ಕಮ್ಮಿ, ಪೆಟ್ರೋಲ್ ಪಾಲು ಜಾಸ್ತಿ. ಆಗ ಆವಿಯಾದಷ್ಟಕ್ಕಾದರೂ ಬೆಂಕಿ ಹತ್ತುತ್ತದೆ. ಅತಿಯಾಗಿ ಸುರಿದರೆ? ಹಸಿ ಸೌದೆ ತುರುಕಿದ ಒಲೆಯ ಹಾಗೆ, ಹೊಗೆಯೂ ಬರುವುದಿಲ್ಲ!

"ಗಾಡಿಗೆ ಕೋಪ ಬರಲ್ಲ ಕಣೋ. ಬ್ಯಾಟ್ರಿ, ಪೆಟ್ರೋಲು, ಕಿಡಿ, ಗಾಳಿ. ಈ ನಾಲ್ಕರಲ್ಲಿ ಒಂದು ತಪ್ಪಿರ್ತದೆ. ಒಂದೊಂದಾಗಿ ಕೇಳ್ಕೊಂಡು ಹೋದ್ರೆ ಅದೇ ಹೇಳ್ತದೆ." ಇದು ಅಪ್ಪನ ಮಂತ್ರ.

ಕುದುರೆ ಊರಲ್ಲಿ ಪರೀಕ್ಷೆ

ಮಂತ್ರದ ಪರೀಕ್ಷೆ ಬೇಗನೇ ಬಂತು. ಹನ್ನೊಂದನೇ ದಿನ ನಾಮಕರಣ. ಹಿಂದಿನ ಸಂಜೆ ಅಪ್ಪ ನನ್ನ ಕೈಗೆ ಕೀ ಕೊಟ್ಟು, "ಕುಣಿಗಲ್ಲಿಗೆ ಹೋಗಿ ಭಾವನ್ನ, ಅವರಮ್ಮನ್ನ ಕರ್ಕೊಂಡು ಬಾ" ಅಂದರು. ಆ ಘಟನೆ ಆದಮೇಲೂ ನನ್ನ ಕೈಗೆ ಕೀ! ತುಮಕೂರು, ಹೆಬ್ಬೂರು ದಾಟಿ ಕುಣಿಗಲ್ ಸೇರಿದಾಗ ಕತ್ತಲೆ. ಈ ಸಲ ಕ್ಯಾಸೆಟ್ ಮುಟ್ಟಲಿಲ್ಲ. ದೀಪ, ಸ್ವಿಚ್ಚು ಎರಡೆರಡು ಸಲ ನೋಡಿ ಮಲಗಿದೆ. ಆದರೆ ಗಾಡಿ ನಿಲ್ಲಿಸಿದ್ದು ಕೆರೆ ಹತ್ತಿರ, ಬಯಲಲ್ಲಿ. ಕುಣಿಗಲ್ ಕೆರೆ ಗೊತ್ತಲ್ಲ, ಜನಪದ ಹಾಡಿನಲ್ಲೇ ಹೆಸರು ಮಾಡಿದ ಕೆರೆ! ರಾತ್ರಿಯೆಲ್ಲ ಅದರ ಮಂಜು ನನ್ನ ಅಂಬಾಸಿಡರಿಗೆ ಸ್ನಾನ ಮಾಡಿಸಿತ್ತು.

ಬೆಳಿಗ್ಗೆ ಐದೂವರೆ. ಅಕ್ಕನ ಅತ್ತೆ ರೇಷ್ಮೆ ಸೀರೆ ಉಟ್ಟು, ತೊಟ್ಟಿಲ ಸಾಮಾನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತರು. ಸೆಲ್ಫ್ ಹೊಡೆದೆ. ಗರ್ರ್ ಗರ್ರ್ ಅಂತ ಚೆನ್ನಾಗೇ ತಿರುಗಿತು. ಬೆಂಕಿ ಹತ್ತಲಿಲ್ಲ. ಇನ್ನೊಂದು ಸಲ. ಇಲ್ಲ. "ಟಿಪ್ಪು ಸುಲ್ತಾನ ಕುದುರೆ ಸಾಕಿದ ಊರಪ್ಪ ಇದು. ಕುದುರೇನೇ ತರ್ಬೋದಿತ್ತು" ಅಂದರು ಅತ್ತೆ!

ಕಾಲು ಆಕ್ಸಿಲರೇಟರಿನ ಮೇಲೆ ತುರಿಸತೊಡಗಿತು. ತುಳಿಯಲಿಲ್ಲ. ಇಳಿದೆ. ಬ್ಯಾಟರಿ? ಸೆಲ್ಫ್ ಜೋರಾಗಿ ತಿರುಗಿತಲ್ಲ, ಸರಿ ಇದೆ. ಪೆಟ್ರೋಲು? ಕಾರ್ಬುರೇಟರ್ ಹತ್ತಿರ ವಾಸನೆ ಬರುತ್ತಿದೆ, ಸರಿ ಇದೆ. ಕಿಡಿ? ಒಂದು ಪ್ಲಗ್ ವೈರು ಕಿತ್ತು, ಒಣ ಬಟ್ಟೆಯಲ್ಲಿ ಹಿಡಿದು, ಅದರ ತುದಿಯನ್ನು ಎಂಜಿನ್ ಕಬ್ಬಿಣಕ್ಕೆ ಕಾಲಿಂಚು ದೂರ ಇಟ್ಟೆ. "ಭಾವ, ಸೆಲ್ಫ್ ಹೊಡೀರಿ." ಕಿಡಿಯೇ ಇಲ್ಲ! ಸಿಕ್ಕಿದೆಯಾ ಕಳ್ಳ!

ಡಿಸ್ಟ್ರಿಬ್ಯೂಟರ್ ಮುಚ್ಚಳದ ಎರಡು ಕ್ಲಿಪ್ ಎಗರಿಸಿ ತೆಗೆದರೆ ಒಳಗೆ ಸಣ್ಣ ಸಣ್ಣ ಮಂಜಿನ ಹನಿ. ಸಾವಿರಾರು ವೋಲ್ಟಿನ ಕರೆಂಟು ಪ್ಲಗ್ಗಿಗೆ ಹೋಗುವ ಬದಲು ಆ ತೇವದ ಮೇಲೆ ಹರಿದು ಬಾಡಿ ಸೇರುತ್ತಿತ್ತು. ಮೈಮೇಲಿನ ಬನಿಯನ್ ತೆಗೆದು ಮುಚ್ಚಳ, ರೋಟರು, ಕಾಯಿಲಿನ ಮೂತಿ, ಐದೂ ವೈರು ಒರೆಸಿದೆ. ಪಾಯಿಂಟಿನ ನಡುವೆ ಒಂದು ಒಣ ಕಾಗದ ಎಳೆದೆ. ಮತ್ತೆ ಕಿಡಿ ನೋಡುವ ಅವಸರದಲ್ಲಿ ಬಟ್ಟೆ ಮರೆತು ಬರಿಗೈಯಲ್ಲಿ ವೈರು ಹಿಡಿದೆ. ಫೈಟ್ ಮಾಸ್ಟರ್ ಗುದ್ದಿದ ಹಾಗೆ ಎರಡು ಹೆಜ್ಜೆ ಹಿಂದೆ ಹಾರಿದೆ. "ಶಾಕ್ ಹೊಡೀತು! ಶಾಕ್ ಹೊಡೀತು!" ಅಂತ ಕುಣಿದಾಡಿದ್ದು ನೋಡಿ ಅತ್ತೆ ಗಾಬರಿಯಾದರು. ಶಾಕ್ ಹೊಡೆದರೆ ಸಂತೋಷ ಪಡುವವನನ್ನು ಅವರು ಎಲ್ಲಿ ಕಂಡಿದ್ದರು! (ನೀವು ಹಾಗೆ ಹಿಡಿಯಬೇಡಿ. ಹೃದಯ ಖಾಯಿಲೆ ಇರುವವರಿಗೆ ಅದು ತಮಾಷೆಯಲ್ಲ.)

ಮುಂದಿನ ಸೆಲ್ಫಿಗೆ ಗಾಡಿ ಎದ್ದಿತು. ಎಂಟಕ್ಕೆ ಮುಂಚೆ ಗುಬ್ಬಿ. ಅಪ್ಪ ನನ್ನ ಬರಿ ಷರಟು, ಕರ್ರಗಾದ ಬನಿಯನ್ ಎರಡನ್ನೂ ನೋಡಿ, "ಕ್ಯಾಪಾ?" ಅಂದರು. "ಹೂಂ." ಅಷ್ಟೇ ಮಾತು. ಮೆಡಲ್ ಕೊಟ್ಟಂತಾಯಿತು.

ಹಿಂದಿನ ರಾತ್ರಿಯ ಕೆಲಸ

ಅಲ್ಲಿಂದ ಇಲ್ಲಿಗೆ ನಲವತ್ತು ವರ್ಷ. ಕಲಿತದ್ದರ ಸಾರ ಇಷ್ಟು: ಚಳಿಗಾಲದ ಗಾಡಿ ಸ್ಟಾರ್ಟ್ ಆಗುವುದು ಬೆಳಿಗ್ಗೆ ಅಲ್ಲ, ಹಿಂದಿನ ರಾತ್ರಿ.

ಬ್ಯಾಟರಿಯ ಟರ್ಮಿನಲ್ ಮೇಲೆ ಬಿಳಿ, ಹಸಿರು ಹೂ ಬಿಟ್ಟಿದ್ದರೆ ಅಡುಗೆ ಸೋಡ ಕಲಸಿದ ಬಿಸಿನೀರಿನಲ್ಲಿ ತೊಳೆದು, ಬಿಗಿದು, ವ್ಯಾಸಲೀನ್ ಸವರಿ. ಸೋಡಾ ನೀರು ಬ್ಯಾಟರಿಯ ಒಳಗೆ ಮಾತ್ರ ಹೋಗಬಾರದು. ವೋಲ್ಟ್ ಮೀಟರ್ ಇದ್ದರೆ ನೋಡಿ: ರಾತ್ರಿಯಿಡೀ ನಿಂತ ಬ್ಯಾಟರಿ 12.6 ತೋರಿಸಿದರೆ ತುಂಬಿದೆ, 12ರ ಹತ್ತಿರ ಇಳಿದಿದ್ದರೆ ಖಾಲಿಯಾಗುತ್ತಿದೆ. ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ. ಬ್ಯಾಟರಿ ಬಿಡುವ ಹೈಡ್ರೋಜನ್‌ಗೆ ಒಂದು ಕಿಡಿ ಸಾಕು.

ನಮ್ಮ ಅಂಬಾಸಿಡರಿಗೆ ಪಾಯಿಂಟ್ ಗ್ಯಾಪ್ 15 ಥೌ, ಪ್ಲಗ್ ಗ್ಯಾಪ್ 25 ಥೌ. ಚಳಿಗಾಲ ಶುರುವಾಗುವ ಮೊದಲು ಒಂದು ಸಲ ಗೇಜು ಹಾಕಿ ನೋಡಿ. ದಪ್ಪ ಆಯಿಲ್ ಚಳಿಗೆ ಜೇನುತುಪ್ಪವಾಗುತ್ತದೆ, ಸೆಲ್ಫಿಗೆ ಎಂಜಿನ್ ತಿರುಗಿಸುವುದೇ ಕಷ್ಟ. ಬರಿ 40ರ ಬದಲು 20ಡಬ್ಲ್ಯೂ-40 ಹಾಕಿದರೆ ಹಗುರ.

ಸ್ಟಾರ್ಟ್ ಮಾಡುವಾಗ ಹೆಡ್‌ಲೈಟು, ಹಾಡು ಎಲ್ಲ ಆಫ್. ಚೋಕ್ ಎಳೆದು ಐದಾರು ಸೆಕೆಂಡ್ ಸೆಲ್ಫ್, ಆಗದಿದ್ದರೆ ಅರ್ಧ ನಿಮಿಷ ಬಿಡುವು. ಪೆಟ್ರೋಲ್ ವಾಸನೆ ಹೊಡೆಯಿತೋ, ಹತ್ತು ನಿಮಿಷ ಸುಮ್ಮನಿರಿ. ಆಮೇಲೆ ಚೋಕ್ ಒಳಗೆ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು (ಪಂಪ್ ಮಾಡದೆ!) ಸೆಲ್ಫ್ ಹೊಡೆಯಿರಿ. ಗಾಡಿ ಎದ್ದು ಬಿಸಿಯಾಗುತ್ತಿದ್ದ ಹಾಗೆ ಚೋಕ್ ನಿಧಾನಕ್ಕೆ ತಳ್ಳಿ. ಮರೆತರೆ ಪ್ಲಗ್ ಕಪ್ಪಾಗುತ್ತದೆ, ಪೆಟ್ರೋಲೂ ಕುಡಿಯುತ್ತದೆ. ಹ್ಯಾಂಡಲ್ ಹೊಡೆಯುವಾಗ ಹೆಬ್ಬೆಟ್ಟನ್ನು ಹಿಡಿಗೆ ಸುತ್ತಬೇಡಿ, ಬೆರಳುಗಳ ಜೊತೆಗೇ ಇಡಿ. ಎಂಜಿನ್ ತಿರುಗಿ ಒದ್ದರೆ ಮಣಿಕಟ್ಟು ಮುರಿಯುತ್ತದೆ. ಬಾಗಿಲು ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ ಬಿಸಿ ಮಾಡುವ ಕೆಲಸ ಮಾತ್ರ ಬೇಡವೇ ಬೇಡ. ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಡೀಸೆಲ್ ಜೀಪಿನವರು ಹೀಟರ್ ಪ್ಲಗ್ ಕಾಯುವವರೆಗೆ ತಾಳ್ಮೆಯಿಂದಿರಿ.

ಇನ್ನೊಂದು ಮಾತು. ಗಾಡಿ ತಡವಾಗಿ ಎದ್ದಿತು ಅಂತ ಆ ತಡವನ್ನು ರಸ್ತೆಯ ಮೇಲೆ ವಸೂಲಿ ಮಾಡಲು ಹೋಗಬೇಡಿ. ಶಂಕರ್‌ನಾಗ್ ನಮ್ಮನ್ನಗಲಿದ್ದು 1990ರ ಸೆಪ್ಟೆಂಬರ್ 30ರಂದು, ದಾವಣಗೆರೆ ಹತ್ತಿರದ ಅನಗೋಡಿನ ಬಳಿ, ರಸ್ತೆ ಅಪಘಾತದಲ್ಲಿ. ನಮ್ಮ ತುಮಕೂರಿನ ಮೇಲೆ ಹಾದು ಹೋಗುವ ಹೆದ್ದಾರಿಯೇ ಅದು. ಆ ರಸ್ತೆಯಲ್ಲಿ ಹೋಗುವಾಗೆಲ್ಲ ನನ್ನ ಕಾಲು ತಾನಾಗಿ ಆಕ್ಸಿಲರೇಟರಿನಿಂದ ಮೇಲೇಳುತ್ತದೆ.

ಮತ್ತೆ ಅದೇ ಹಾಡು!

ಅಪ್ಪ ಈಗಿಲ್ಲ. ಅಂಬಾಸಿಡರ್ ತಯಾರಿಕೆಯೂ 2014ರಲ್ಲಿ ನಿಂತುಹೋಯಿತು. ನಮ್ಮ ಗಾಡಿ ಮಾತ್ರ ತುಮಕೂರಿನ ನನ್ನ ಮನೆಯ ಷೆಡ್ಡಿನಲ್ಲಿದೆ. ವಾರಕ್ಕೊಮ್ಮೆ ಗುಬ್ಬಿ ತನಕ ಓಡಿಸುತ್ತೇನೆ. ಈಗ ಪೆಟ್ರೋಲಿಗೆ 20 ಪರ್ಸೆಂಟ್ ಎಥನಾಲ್ ಸೇರಿಸುತ್ತಾರೆ. ಚಳಿಯಲ್ಲಿ ಅದು ಪೆಟ್ರೋಲಿಗಿಂತ ನಿಧಾನಕ್ಕೆ ಆವಿಯಾಗುತ್ತದೆ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ತಿನ್ನುತ್ತದೆ. ಅದಕ್ಕೇ ಪೈಪು, ವಾಷರ್ ಬದಲಿಸಿದ್ದೇನೆ. ತಿಂಗಳುಗಟ್ಟಲೆ ಪೆಟ್ರೋಲ್ ಟ್ಯಾಂಕಿನಲ್ಲಿ ಕೊಳೆಯಲು ಬಿಡುವುದಿಲ್ಲ. ಹಳೆ ಮಾರುತಿ 800 ಇಟ್ಟುಕೊಂಡವರಿಗೂ ಇದೇ ಮಾತು.

2024ರ ಡಿಸೆಂಬರಿನಲ್ಲಿ ಅಕ್ಕನ ಮಗಳು ಬಂದಿದ್ದಳು. ಹೌದು, ಅವಳೇ, ಮಂಜಿನಲ್ಲಿ ಹುಟ್ಟಿದವಳು! ಬೆಂಗಳೂರಿನಲ್ಲಿ ಕೆಲಸ, ಗುಂಡಿ ಒತ್ತಿದರೆ ಸ್ಟಾರ್ಟ್ ಆಗುವ ಆಟೊಮ್ಯಾಟಿಕ್ ಕಾರು, ಹದಿನಾಲ್ಕು ವರ್ಷದ ಮಗ. ಬೆಳಿಗ್ಗೆ ಆರಕ್ಕೆ ಹೊರಡಬೇಕು, ಗುಂಡಿ ಒತ್ತಿದರೆ 'ಟಕ್'! ಹ್ಯಾಂಡಲ್ ಇಲ್ಲ, ತಳ್ಳಿದರೂ ಆಗುವುದಿಲ್ಲ. "ಮಾವ, ನಿನ್ನೆ ತನಕ ಚೆನ್ನಾಗಿತ್ತು!" ಅಂದಳು. ನಾನು ಹುಡುಗನ ಮುಖ ನೋಡಿದೆ. ಅವನು ನೆಲ ನೋಡುತ್ತಿದ್ದ. ರಾತ್ರಿ ಕಾರಿನಲ್ಲಿ ಕೂತು ಹಾಡು ಕೇಳುತ್ತಿದ್ದನಂತೆ!

ಅಂಬಾಸಿಡರನ್ನು ಷೆಡ್ಡಿನಿಂದ ತೆಗೆದು ಮೂತಿಗೆ ಮೂತಿ ನಿಲ್ಲಿಸಿದೆ. ಕೆಂಪು ಕೇಬಲ್ ಪ್ಲಸ್ಸಿಂದ ಪ್ಲಸ್ಸಿಗೆ. ಕಪ್ಪು ಕೇಬಲ್ ನನ್ನ ಬ್ಯಾಟರಿಯ ಮೈನಸ್ಸಿಂದ ಅವಳ ಎಂಜಿನ್ನಿನ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರ. (ಕೆಲವು ಹಳೆ ಗಾಡಿಗಳಲ್ಲಿ ಬಾಡಿಗೆ ಸೇರಿರುವುದು ಪ್ಲಸ್. ಅಂಥ ಗಾಡಿಯಿಂದ ಈ ಕೆಲಸ ಬೇಡ. ನಮ್ಮದು ಮೈನಸ್.) ಐದು ನಿಮಿಷ ಬಿಟ್ಟು ಗುಂಡಿ ಒತ್ತಿದಳು. 1972ರ ಅಜ್ಜ, ಹೊಸ ಕಾಲದ ಮೊಮ್ಮಗಳನ್ನು ಕೈ ಹಿಡಿದು ಎಬ್ಬಿಸಿದ!

ಅವಳು ಮಗನಿಗೆ ಬೈಯಲು ಬಾಯಿ ತೆಗೆದಳು. ನಾನು ತಡೆದೆ. ಹುಡುಗನ ಹೆಗಲ ಮೇಲೆ ಕೈ ಹಾಕಿ ಬೀದಿಯ ತುದಿಯ ಟೀ ಅಂಗಡಿಗೆ ಕರೆದುಕೊಂಡು ಹೋದೆ. ಅಪ್ಪ ನನಗೆ ಹೇಳಿದ್ದನ್ನೇ ಹೇಳಿದೆ.

"ಹಾಡು ಕೇಳೋದು ತಪ್ಪಲ್ಲ ಮಗ..."